ಒಲೆ ಹಿಂದಿನ ಗೋಡೆಗೆ ಬಣ್ಣ ಹುಡುಕಿದ್ದು, ಟೈಲ್ಸ್ ಅಂಟಿಸಿದ್ದು

ಒಲೆ ಹಿಂದಿನ ಗೋಡೆ ಪೇಂಟು ಕೈಯಲ್ಲಿ ಸವರಿದ್ರೆ ಪುಡಿಪುಡಿಯಾಗಿ ಉದುರೋಕೆ ಶುರುವಾಗಿತ್ತು. ಎಣ್ಣೆ ಸಿಡಿದು ಸಿಡಿದು ಹಳದಿ ಕಲೆ, ಅದನ್ನ ಸೋಪಿನ ನೀರಲ್ಲಿ ಒರೆಸಿ ಒರೆಸಿ ಪೇಂಟಿನ ಪದರವೇ ಹೋಗಿ ಒಳಗಿನ ಪುಟ್ಟಿ ಕಾಣ್ತಿತ್ತು, ಸಿಂಕ್ ಹತ್ರ ಕಟ್ಟೆ ಗೋಡೆಗೆ ಸೇರೋ ಸಂದಿಯಲ್ಲಂತೂ ಕಪ್ಪಗೆ ಬೂಷ್ಟು. ಎರಡು ಸಲ ವಾಶಬಲ್ ಪೇಂಟ್ ಹೊಡೆದು ನೋಡಿದ್ದೆ, ಎರಡು ಸಲವೂ ಅದೇ ಕಥೆ. ಈ ಸಲ ಗೋಡೆಗೆ ಪೂರ್ತಿ ಸ್ಪ್ಲಾಶ್‌ಬ್ಯಾಕ್, ಅಂದ್ರೆ ಸಿಡಿಯೋ ಎಣ್ಣೆ ನೀರು ತಡೆಯೋ ಹೊದಿಕೆ, ಹಾಕೇಬಿಡೋಣ ಅಂತ ತೀರ್ಮಾನ ಮಾಡ್ದೆ. ಜಾಗ ದೊಡ್ಡದೇನಲ್ಲ, ಉದ್ದ 2.6 ಮೀಟರ್, ಕಟ್ಟೆಯಿಂದ ಮೇಲಿನ ಕಪಾಟಿನ ತಳದವರೆಗೆ ಎತ್ತರ 55 ಸೆಂಟಿಮೀಟರ್. ಇಷ್ಟಕ್ಕೆ ಬಣ್ಣ ಆರಿಸೋಕೆ ಮೂರು ವಾರ ಹಿಡೀತು, ಅಂಟಿಸೋಕೆ ಎರಡು ದಿನ. ಆ ಮೂರು ವಾರದಲ್ಲಿ ಕಲಿತಿದ್ದೇ ಜಾಸ್ತಿ, ಅದಕ್ಕೇ ಅದನ್ನೇ ಜಾಸ್ತಿ ಬರೀತಿದೀನಿ.

ಮೊದಲು ಮೆಟೀರಿಯಲ್ ವಿಷಯ. ನನ್ನ ಮನಸ್ಸಲ್ಲಿ ಇದ್ದಿದ್ದು ಗಾಜು. ಹಿಂದುಗಡೆ ಬಣ್ಣ ಬಳಿದ ಟಫನ್ಡ್ ಗ್ಲಾಸ್, ಒಂದೇ ಹಾಳೆ, ಜಾಯಿಂಟೇ ಇಲ್ಲ, ಒಂದು ಸಲ ಬಟ್ಟೆ ಎಳೆದ್ರೆ ಮುಗೀತು. ಆದ್ರೆ ಟಫನ್ಡ್ ಗಾಜನ್ನ ಆಮೇಲೆ ಕತ್ತರಿಸೋಕಾಗಲ್ಲ, ತೂತು ಕೊರೆಯೋಕಾಗಲ್ಲ, ಯಾಕಂದ್ರೆ ಅದನ್ನ 600 ಡಿಗ್ರಿ ದಾಟಿ ಕಾಯಿಸಿ ಗಾಳಿ ಊದಿ ಫಟ್ ಅಂತ ತಣಿಸಿರ್ತಾರೆ, ಮೇಲ್ಪದರ ಬಿಗಿಯಾಗಿ ಅದುಮಿಕೊಂಡಿರತ್ತೆ, ಒಳಪದರ ಎಳೆತದಲ್ಲಿರತ್ತೆ, ಆ ಲೆಕ್ಕ ಒಂದು ಕಡೆ ತಪ್ಪಿದ್ರೂ ಇಡೀ ಹಾಳೆ ಚೂರು ಚೂರು. ಅಂದ್ರೆ ಸ್ವಿಚ್ ಬೋರ್ಡಿನ ಕಿಂಡಿಗಳನ್ನ ಮುಂಚೆನೇ ಎಂಎಂ ಲೆಕ್ಕದಲ್ಲಿ ಅಳೆದು ಕೊಟ್ಟಿರಬೇಕು. ನನ್ನ ಗೋಡೆಲಿ ಎರಡು ಬೋರ್ಡ್ ಇದೆ, ಗೋಡೆ ಬೇರೆ ಸೊಟ್ಟ. ಇನ್ನೊಂದು, ಮಾಮೂಲಿ ಗಾಜಲ್ಲಿ ಕಬ್ಬಿಣದ ಅಂಶ ಇರೋದ್ರಿಂದ ಸ್ವಲ್ಪ ಹಸಿರು ಛಾಯೆ ಬರತ್ತೆ, ಹಿಂದೆ ಬಿಳಿ ಬಳಿದ್ರೂ ಮುಂದಿಂದ ತಿಳಿ ಹಸಿರಾಗಿ ಕಾಣತ್ತೆ. ಶುದ್ಧ ಬಿಳಿ ಬೇಕಂದ್ರೆ ಲೋ ಐರನ್ ಗಾಜನ್ನೇ ಕೇಳಬೇಕು. ಮುಂದೊಂದು ದಿನ ಮೂಲೆ ಒಡೆದ್ರೆ ಇಡೀ ಹಾಳೆ ಬದಲಾಯಿಸಬೇಕು ಅನ್ನೋದು ಕೊನೇ ಏಟು, ಗಾಜು ಬಿಟ್ಟೆ.

ಅಕ್ರಿಲಿಕ್ ಶೀಟ್ ನೋಡೋಕೆ ಗಾಜಿನ ಥರಾನೇ ಇರತ್ತೆ, ಗರಗಸದಲ್ಲಿ ಮನೇಲೇ ಕತ್ತರಿಸಬಹುದು, ಆದ್ರೆ ಸುಮಾರು 100 ಡಿಗ್ರಿ ಹತ್ರ ಮೆತ್ತಗಾಗೋಕೆ ಶುರುವಾಗತ್ತೆ. ಉರಿ ಬರೋ ಗ್ಯಾಸ್ ಒಲೆ ಹಿಂದೆ ಅದನ್ನ ಹಾಕಲೇಬೇಡಿ, ಸಿಂಕ್ ಕಡೆ ಮಾತ್ರ ಆದ್ರೆ ಪರವಾಗಿಲ್ಲ. ಕ್ವಾರ್ಟ್ಜ್ ಸ್ಲ್ಯಾಬ್‌ಗೂ ಇದೇ ಥರದ ತೊಂದರೆ, ಅದು ಪೂರ್ತಿ ಕಲ್ಲಲ್ಲ, ಕಲ್ಲಿನ ಪುಡಿನ ರೆಸಿನ್ ಅನ್ನೋ ಅಂಟು ಹಾಕಿ ಹಿಡಿಸಿರೋದು, ಉರಿ ಪಕ್ಕದಲ್ಲೇ ಇದ್ರೆ ಆ ರೆಸಿನ್ ಬಣ್ಣ ತಿರುಗತ್ತೆ. ಮಾರ್ಬಲ್ ಚಂದ, ಅದರಲ್ಲಿ ಎರಡು ಮಾತಿಲ್ಲ, ಆದ್ರೆ ಹುಳಿ ಬಿದ್ದ ಕಡೆ ಹೊಳಪು ಹೋಗಿ ಮಂಕು ಕಲೆ ಆಗತ್ತೆ. ಸೀಲರ್ ಹಾಕಿದ್ರೆ ಸಾಕಲ್ವಾ ಅಂತ ಕೇಳ್ತಾರೆ. ಸೀಲರ್ ಕೆಲಸ ಕಲೆ ಒಳಗೆ ಇಳಿಯೋದನ್ನ ತಡ ಮಾಡೋದು, ಆದ್ರೆ ಹುಳಿ ಬಂದು ಕಲ್ಲಿನ ಕ್ಯಾಲ್ಸಿಯಂ ಕಾರ್ಬೊನೇಟನ್ನೇ ತಿನ್ನೋದನ್ನ ಅದು ತಡೆಯಲ್ಲ. ಸ್ಟೀಲ್ ಗಟ್ಟಿ, ಹೀರಲ್ಲ, ಶಾಖಕ್ಕೆ ಹೆದರಲ್ಲ, ದೊಡ್ಡ ದೊಡ್ಡ ಹೋಟೆಲ್ ಅಡುಗೆಮನೆಲೆಲ್ಲ 304 ಗ್ರೇಡ್ ಹಾಕೋದು ಸುಮ್ನೆ ಅಲ್ಲ. ಮನೆಗೆ ಹಾಕೋರು ಗೆರೆ ಗೆರೆ ಇರೋ ಬ್ರಶ್ಡ್ ಫಿನಿಶ್ ತಗೊಳ್ಳಿ, ಒರೆಸೋವಾಗ ಆ ಗೆರೆ ಯಾವ ಕಡೆ ಹೋಗತ್ತೋ ಆ ಕಡೆಗೇ ಒರೆಸಿ, ಅಡ್ಡಡ್ಡ ಉಜ್ಜಿದ್ರೆ ಗೀರು ಎದ್ದು ಕಾಣತ್ತೆ. ನನಗೆ ಬಣ್ಣ ಬೇಕಿತ್ತು, ಹಾಗಾಗಿ ಸ್ಟೀಲ್ ಬೇಡ ಅನ್ನಿಸ್ತು.

ಉಳಿದಿದ್ದು ಟೈಲ್ಸ್. ಪಾರ್ಸಲಿನ್ ತಗೋಬೇಕಾ, ಸೆರಾಮಿಕ್ ತಗೋಬೇಕಾ ಅನ್ನೋದಕ್ಕೆ ತಲೆ ಕೆಡಿಸಿಕೊಳ್ಳೋ ಅಗತ್ಯ ಇಲ್ಲ. ಪಾರ್ಸಲಿನ್ ಅಂದ್ರೆ ನೀರು ಹೀರೋದು 0.5 ಪರ್ಸೆಂಟ್ ಒಳಗೆ, ನೆಲಕ್ಕೆ ಒಳ್ಳೇದು, ಗೋಡೆಗೆ ಹಾಕೋ ಸೆರಾಮಿಕ್ ಟೈಲಿನ ಹಿಂಭಾಗ 10 ಪರ್ಸೆಂಟ್‌ಗಿಂತ ಜಾಸ್ತಿನೂ ಹೀರತ್ತೆ, ಆದ್ರೆ ಮುಂದೆ ಗ್ಲೇಜ್, ಅಂದ್ರೆ ಗಾಜಿನಂಥ ಲೇಪ, ಇದೆಯಲ್ಲ, ಎಣ್ಣೆ ನೀರು ಬೀಳೋದು ಅದರ ಮೇಲೆ. ಗೋಡೆ ಮೇಲೆ ಯಾರೂ ಓಡಾಡಲ್ಲ, ಭಾರ ಬೀಳಲ್ಲ. ಸೆರಾಮಿಕ್ ಕತ್ತರಿಸೋದು ಬೇರೆ ಎಷ್ಟೋ ಸುಲಭ, ಕೈ ಕಟರ್‌ನಲ್ಲಿ ಒಂದು ಗೆರೆ ಎಳೆದು ಒತ್ತಿದ್ರೆ ಟಕ್ ಅಂತ ಮುರಿಯತ್ತೆ.

ಸೈಜ್‌ಗೆ ಮೊದಲು ಯೋಚಿಸಿದ್ದು 3ಕ್ಕೆ 6 ಇಂಚಿನ ಸಬ್‌ವೇ ಟೈಲ್. 1904ರಲ್ಲಿ ನ್ಯೂಯಾರ್ಕಿನ ನೆಲದಡಿ ರೈಲು ಶುರುವಾದಾಗ ಸ್ಟೇಷನ್ ಗೋಡೆಗೆ ಹಾಕಿದ್ದ ಬಿಳಿ ಟೈಲ್ಸ್ ಅದು, ಹೆಸರು ಬಂದಿದ್ದು ಅಲ್ಲಿಂದಾನೇ. ಕತ್ತಲೆ ಜಾಗದಲ್ಲಿ ಬೆಳಕು ವಾಪಸ್ ಚೆಲ್ಲಬೇಕು, ಸಲೀಸಾಗಿ ತೊಳೆಯೋಕಾಗಬೇಕು, ಅಡುಗೆಮನೆಗೂ ಅದೇ ತಾನೇ ಬೇಕಾಗಿರೋದು. ಆದ್ರೆ ಸಣ್ಣ ಟೈಲ್ ಅಂದ್ರೆ ಜಾಯಿಂಟ್ ಜಾಸ್ತಿ, ಜಾಯಿಂಟ್ ಜಾಸ್ತಿ ಅಂದ್ರೆ ಜಿಡ್ಡು ಕೂರೋ ಜಾಗ ಜಾಸ್ತಿ. ಅದಕ್ಕೆ 75ಕ್ಕೆ 300 ಎಂಎಂದು ಆರಿಸ್ಕೊಂಡೆ, ನಿಂತ ಸಂದುಗಳು ಅಲ್ಲೇ ಅರ್ಧಕ್ಕರ್ಧ ಕಮ್ಮಿ ಆಯ್ತು.

ಈಗ ಬಣ್ಣ. ಅಂಗಡಿಲಿ ನನ್ನ ಕಣ್ಣು ಬಿದ್ದಿದ್ದು ಕಡು ನೀಲಿ, ಫಳಫಳ ಹೊಳೆಯೋ ಗ್ಲೇಜು. ಒಂದು ಟೈಲ್ ಸ್ಯಾಂಪಲ್ ತಂದು ಗೋಡೆಗೆ ಆನಿಸಿಟ್ಟು ನೋಡಿ ಆರ್ಡರ್ ಕೊಡೋದರಲ್ಲಿದ್ದೆ. ಅಮ್ಮ ಬಂದು ನೋಡಿ, "ಕತ್ತಲೆ ಆಗತ್ತೆ ಕಣೋ, ಇಲ್ಲಿ ದಿನಾ ನಿಂತ್ಕೊಳ್ಳೋಳು ನಾನು, ಒಂದು ವಾರ ಇಟ್ಟು ನೋಡಿ ಆಮೇಲೆ ತಗೋ" ಅಂದ್ರು. ಆ ಒಂದು ವಾರವೇ ನನ್ನನ್ನ ಉಳಿಸ್ತು.

ಏನು ಮಾಡ್ದೆ ಅಂದ್ರೆ, ನಾಲ್ಕು ಬಣ್ಣದ್ದು ಎರಡೆರಡು ಟೈಲ್ ತಂದೆ: ಹೊಳಪಿನ ಬಿಳಿ, ಹೊಳಪಿನ ಕಡು ನೀಲಿ, ಮರಳು ಬಣ್ಣದ ಮ್ಯಾಟ್, ಮತ್ತೆ ಅರೆಹೊಳಪಿನ ಬೂದು ಹಸಿರು. ಒಂದು ಪ್ಲೈವುಡ್ ತುಂಡಿಗೆ ಡಬಲ್ ಸೈಡ್ ಟೇಪಲ್ಲಿ ಅಂಟಿಸಿ ಒಲೆ ಪಕ್ಕ, ಸರಿಯಾಗಿ ಗೋಡೆ ಇರೋ ಥರಾನೇ ನೆಟ್ಟಗೆ ನಿಲ್ಲಿಸ್ದೆ. ಮಲಗಿಸಿ ನೋಡಬೇಡಿ, ಮಲಗಿಸಿದ ಟೈಲ್ ಮೇಲೆ ಸೀಲಿಂಗ್ ಬೆಳಕು ನೇರ ಬೀಳತ್ತೆ, ನಿಲ್ಲಿಸಿದ್ರೆ ಅದೇ ಟೈಲ್ ಒಂದು ಛಾಯೆ ಕಪ್ಪಾಗಿ ಕಾಣತ್ತೆ. ಒಂದು ಟೈಲ್ ಸಿಂಕ್ ಕಡೆ, ಒಂದು ಒಲೆ ಕಡೆ. ದಿನಾ ಅಡುಗೆ ಆಗೋದು ಆಗ್ತಾ ಇತ್ತು, ಸಿಡಿಯೋದು ಸಿಡೀತಾ ಇತ್ತು, ರಾತ್ರಿವರೆಗೆ ಒರೆಸಬಾರದು ಅಂತ ರೂಲ್.

ಎರಡನೇ ದಿನ ಸಂಜೆ ಕಡು ನೀಲಿ ಟೈಲನ್ನ ಹತ್ರದಿಂದ ನೋಡಿದ್ರೆ, ನಲ್ಲಿ ನೀರಿನ ಹನಿ ಒಣಗಿದ ಕಡೆಯೆಲ್ಲ ಸೂಜಿಯಲ್ಲಿ ಗೀಚಿದಷ್ಟು ತೆಳ್ಳಗೆ ಬಿಳಿ ಉಂಗುರ, ನಡುವೆ ನೀಲಿ ಹಾಗೇ ಇದೆ, ಅಂಚಲ್ಲಿ ಮಾತ್ರ ಸುಣ್ಣದ ಗೆರೆ. ಹನಿ ಒಣಗೋವಾಗ ಅದರೊಳಗಿನ ಲವಣ ಎಲ್ಲ ಅಂಚಿಗೆ ಹೋಗಿ ಕೂರತ್ತೆ. ಅಲ್ಲೊಂದು ಇಲ್ಲೊಂದು ಅಲ್ಲ, ಎಣಿಸೋಕಾಗದಷ್ಟು. ಒಲೆ ಕಡೆ ಟೈಲಲ್ಲಿ ಎಣ್ಣೆ ಚುಕ್ಕೆ, ಬೆರಳ ಗುರುತು ಸಮೇತ ಕಾಣ್ತಿತ್ತು. ಬಿಳಿ ಟೈಲಲ್ಲಿ ನೀರಿನ ಕಲೆ ಹುಡುಕಿದ್ರೂ ಸಿಗಲಿಲ್ಲ, ಆದ್ರೆ ಬಣ್ಣ ಬಿಡೋ ಪದಾರ್ಥ ಸಿಡಿದ್ರೆ ಆ ಕ್ಷಣಾನೇ ಗೊತ್ತಾಗತ್ತೆ. ನಿಜ ಹೇಳ್ಬೇಕಂದ್ರೆ ಅದು ಒಳ್ಳೇದೇ, ಕೊಳೆ ಕಂಡ್ರೆ ತಾನೇ ಒರೆಸೋದು. ಮರಳು ಬಣ್ಣದ ಮ್ಯಾಟು ಮೊದಲೆರಡು ದಿನ ಎಲ್ಲಕ್ಕಿಂತ ಚಂದ ಕಾಣ್ತು, ನಾಲ್ಕನೇ ದಿನಕ್ಕೆ ಎಣ್ಣೆ ಒರೆಸಿದ್ರೆ ಅಲ್ಲೊಂದು ನೆರಳು ಉಳ್ಕೊಳ್ಳೋಕೆ ಶುರುವಾಯ್ತು. ಮ್ಯಾಟ್ ಮೇಲ್ಮೈ ಅಂದ್ರೇನೇ ಸಣ್ಣ ಸಣ್ಣ ಉಬ್ಬು ತಗ್ಗು, ಜಿಡ್ಡು ಅದರೊಳಗೆ ಕೂತ್ಕೊಳ್ಳತ್ತೆ. ಬೂದು ಹಸಿರು ಅರೆಹೊಳಪಿಂದು ಮಾತ್ರ ನೀರಿನ ಕಲೆನೂ ಮುಚ್ಚಿಕೊಂಡು, ಒಂದು ಸಲ ಒರೆಸಿದ್ರೆ ಎಣ್ಣೆನೂ ಬಿಟ್ಟುಕೊಡ್ತು. ತೀರಾ ಕಡುವೂ ಅಲ್ಲ ತೀರಾ ತಿಳಿಯೂ ಅಲ್ಲ, ಆ ನಡುವಿನ ಬಣ್ಣಕ್ಕೆ ಇರೋ ಗುಣ ಅದು.

ಇನ್ನೊಂದು ವಿಚಿತ್ರ ನೋಡಿ, ಅದೇ ಟೈಲ್ ಅಂಗಡಿಲಿ ಹೆಚ್ಚುಕಮ್ಮಿ ಬೂದಾಗಿತ್ತು, ಮನೇಲಿ ಇಟ್ಟ ತಕ್ಷಣ ಹಸಿರು ಎದ್ದು ಬಂತು! ನಮ್ಮ ಕಪಾಟಿನ ಬಾಗಿಲು ಕೆಂಪು ಕಂದು ಮರದ ಬಣ್ಣ, ಅದರ ಪಕ್ಕ ಇಟ್ಟಿದ್ದಕ್ಕೆ ಹಾಗೆ. ಒಂದು ಬಣ್ಣ ತನ್ನ ಪಕ್ಕದ ಬಣ್ಣನ ತನ್ನ ವಿರುದ್ಧ ದಿಕ್ಕಿಗೆ ತಳ್ಳತ್ತೆ, ಅಂದ್ರೆ ನಮ್ಮ ಕಣ್ಣು ಹಾಗೆ ನೋಡತ್ತೆ. ಫ್ರಾನ್ಸಿನ ಶೆವ್ರಲ್ ಅನ್ನೋ ಕೆಮಿಸ್ಟ್ ಇದನ್ನ ವಿವರವಾಗಿ ಬರೆದು 1839ರಲ್ಲೇ ಪ್ರಕಟಿಸಿದ್ರು. ಅವರು ಪ್ಯಾರಿಸ್ಸಿನ ಗೋಬ್ಲಾ ನೇಯ್ಗೆ ಕಾರ್ಖಾನೆಲಿ ಬಣ್ಣ ಹಾಕೋ ವಿಭಾಗ ನೋಡ್ಕೋತಿದ್ರು, ಕಪ್ಪು ದಾರ ಮಂಕಾಗಿದೆ ಅಂತ ದೂರು ಬಂದಾಗ ಪರೀಕ್ಷೆ ಮಾಡಿದ್ರೆ ಕಪ್ಪು ಸರಿಯಾಗೇ ಇತ್ತು, ಪಕ್ಕದಲ್ಲಿ ನೇಯ್ದಿದ್ದ ಬಣ್ಣದಿಂದ ಅದು ಹಾಗೆ ಕಾಣ್ತಿತ್ತು. ನನಗೆ ಇದು ಓದಿ ಬಹಳ ಖುಷಿಯಾಯ್ತು, ಯಾಕಂದ್ರೆ ನನ್ನ ಗೋಡೆ ಮುಂದೆ ನಿಂತು ನಾನು ನೋಡ್ತಿದ್ದಿದ್ದೂ ಅದೇ. ಹಾಗಾಗಿ ಸ್ಯಾಂಪಲ್ ನೋಡೋವಾಗ ಕಟ್ಟೆ ಕಲ್ಲು, ಕಪಾಟಿನ ಬಾಗಿಲು ಎರಡೂ ಕಣ್ಣಿಗೆ ಒಟ್ಟಿಗೆ ಬೀಳಬೇಕು. ಬಾಗಿಲು ಬಿಚ್ಚಿ ಅಂಗಡಿಗೆ ತಗೊಂಡು ಹೋಗೋದಕ್ಕಿಂತ ಟೈಲನ್ನ ಮನೆಗೆ ತರೋದು ಸುಲಭ.

ಬೆಳಕೂ ಅಷ್ಟೇ ಮುಖ್ಯ. ಸೀಲಿಂಗಲ್ಲಿ 6500 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ ಅದು) ಬಲ್ಬ್ ಇತ್ತು, ಅದರ ಕೆಳಗೆ ಬೂದು ಹಸಿರು ಸ್ವಲ್ಪ ನೀಲಿಗೆ ತಿರುಗಿ ತಣ್ಣಗೆ ಕಾಣ್ತಿತ್ತು. ಕಪಾಟಿನ ಕೆಳಗಿನ ಸ್ಟ್ರಿಪ್ 3000 ಕೆಲ್ವಿನ್, ಹಳದಿ ಬೆಳಕು, ಅದು ಹಾಕಿದ್ರೆ ಅದೇ ಟೈಲ್ ಒಣಗಿದ ಎಲೆ ಥರ. ಎರಡೂ ಒಟ್ಟಿಗೆ ಹಾಕಿದ್ರೆ ಗೋಡೆ ಮೇಲರ್ಧ ಒಂದು ಬಣ್ಣ, ಕೆಳಗರ್ಧ ಒಂದು ಬಣ್ಣ. ಟೈಲ್ ಬದಲಾಯಿಸೋ ಬದಲು ಎರಡನ್ನೂ 4000 ಕೆಲ್ವಿನ್, ಸಿಆರ್‌ಐ (ಬೆಳಕು ಬಣ್ಣಗಳನ್ನ ಎಷ್ಟು ಸರಿಯಾಗಿ ತೋರಿಸತ್ತೆ ಅನ್ನೋ ಅಳತೆ) 90 ಇರೋದಕ್ಕೆ ಬದಲಾಯಿಸ್ದೆ, ಬಣ್ಣ ಒಂದೇ ಥರ ನಿಂತ್ಕೊಳ್ತು. ಸ್ಟ್ರಿಪ್ಪನ್ನ ಗೋಡೆಗೆ ಅಂಟಿದ ಹಾಗೆ ಹಿಂದೆ ಹಾಕಿದ್ರು, ಅದನ್ನೂ ಕಪಾಟಿನ ಮುಂದಿನ ಅಂಚಿಗೆ ತಂದೆ. ಬೆಳಕು ಗೋಡೆನ ಸವರಿಕೊಂಡು ಬಿದ್ರೆ ಒಂದು ಟೈಲು ಅರ್ಧ ಎಂಎಂ ಮುಂದಿದ್ರೂ ನೆರಳು ಬಿದ್ದು ತೋರಿಸಿಬಿಡತ್ತೆ, ಮುಂದಿಂದ ಬಿದ್ರೆ ಆ ನೆರಳೂ ಇಲ್ಲ, ಕಟ್ಟೆ ಮೇಲೂ ಬೆಳಕು ಚೆನ್ನಾಗಿ ಸಿಗತ್ತೆ.

ಟೈಲ್ ಲೆಕ್ಕ ಹೇಳ್ತೀನಿ. ಸಾಲು ಸಾಲಾಗಿ ಸಂದಿಗೆ ಸಂದು ಸೇರೋ ಹಾಗೆ, ನಡುವೆ ಸಂದು ಒಂದೇ ಸಮ ಇರೋಕೆ 2 ಎಂಎಂ ಸ್ಪೇಸರ್. ಉದ್ದ 2600 ಎಂಎಂಗೆ 8 ಇಡೀ ಟೈಲ್ ಕೂರಿಸಿದ್ರೆ ಎರಡೂ ತುದಿಗೆ 91 ಎಂಎಂ ತುಂಡು ಬರತ್ತೆ, ಗಿಡ್ಡ ತುಂಡು, ನೋಡೋಕೆ ಹರಕು ಮುರುಕು. ಒಂದು ಟೈಲ್ ಕಮ್ಮಿ ಮಾಡಿ 7 ಇಡೀ ಟೈಲ್ ಮಧ್ಯಕ್ಕೆ ಇಟ್ಟರೆ ಎರಡು ತುದಿಗೂ 242 ಎಂಎಂ ಬರತ್ತೆ, ಕತ್ತರಿಸಿದ್ದು ಅಂತಾನೇ ಗೊತ್ತಾಗಲ್ಲ. ಎತ್ತರಕ್ಕೆ 7 ಸಾಲು, ಅಂದ್ರೆ 537 ಎಂಎಂ, ಕೆಳಗೆ ಸಂದು ಮುಚ್ಚೋ ಸಿಲಿಕೋನ್‌ಗೆ 3 ಎಂಎಂ ಬಿಟ್ಟರೆ ಮೇಲೆ ಉಳಿಯೋದು 10 ಎಂಎಂ. ಅಷ್ಟು ಸಣ್ಣ ಪಟ್ಟಿ ಕತ್ತರಿಸೋ ಗೋಜಿಗೆ ಹೋಗಲಿಲ್ಲ, ಕಪಾಟಿನ ತಳಕ್ಕೆ ಒಂದು ಅಲ್ಯೂಮಿನಿಯಂ ಎಲ್ ಪಟ್ಟಿ ಹೊಡೆದು ಮುಚ್ಚಿದೆ. ಒಟ್ಟು 63 ಟೈಲ್, 10 ಪರ್ಸೆಂಟ್ ಜಾಸ್ತಿ ಸೇರಿಸಿ 70 ತಂದೆ, ಎಲ್ಲಾ ಡಬ್ಬದ ಮೇಲೂ ಒಂದೇ ಬ್ಯಾಚ್ ನಂಬರ್, ಒಂದೇ ಶೇಡ್ ನಂಬರ್ ಇದೆಯಾ ಅಂತ ಅಲ್ಲೇ ನೋಡ್ಕೊಂಡೆ. ಬ್ಯಾಚ್ ಬದಲಾದ್ರೆ ಅದೇ ಹೆಸರಿನ ಬಣ್ಣ ಬೇರೆಯಾಗಿ ಬರತ್ತೆ.

ಶನಿವಾರ ಬೆಳಿಗ್ಗೆ ಎಂಸಿಬಿ ಆಫ್ ಮಾಡಿ, ಟೆಸ್ಟರ್ ಹಾಕಿ ನೋಡಿ, ಸ್ವಿಚ್ ಪ್ಲೇಟ್ ಬಿಚ್ಚಿದೆ. ಸಡಿಲ ಪೇಂಟು, ಪುಟ್ಟಿ ಎಲ್ಲ ಕೆರೆದು ಗಾರೆವರೆಗೂ ಹೋದೆ. ಪೇಂಟ್ ಮೇಲೇ ಅಂಟಿಸಿದ್ರೆ ಟೈಲಿನ ಭಾರನ ಹೊರೋದು ಆ ಪೇಂಟು, ಅದು ಬಿಟ್ರೆ ಎಲ್ಲ ಬಿತ್ತು. ಉದ್ದನೆ ಅಲ್ಯೂಮಿನಿಯಂ ಪಟ್ಟಿ ಆನಿಸಿದ್ರೆ ಒಲೆ ಹಿಂದೆ 4 ಎಂಎಂ ತಗ್ಗು. ಅದನ್ನ ತುಂಬಿ, ಧೂಳು ಒರೆಸಿ, ಪ್ರೈಮರ್ ಹೊಡೆದು ಒಣಗೋಕೆ ಬಿಟ್ಟೆ.

ಕಟ್ಟೆ ಮಟ್ಟವಾಗಿದೆ ಅಂತ ನಂಬಬೇಡಿ. ರಸಮಟ್ಟ ಇಟ್ಟು ನೋಡಿದ್ರೆ ಈ ತುದಿಯಿಂದ ಆ ತುದಿಗೆ 2 ಎಂಎಂ ಇಳಿಜಾರು. ಕಟ್ಟೆ ಮೇಲೇ ಮೊದಲ ಸಾಲು ಕೂರಿಸಿದ್ರೆ ಆ ಇಳಿಜಾರು ಏಳೂ ಸಾಲಿಗೆ ಹತ್ತತ್ತೆ. ಅದಕ್ಕೆ ಎತ್ತರದ ತುದಿಲಿ 3 ಎಂಎಂ ಬಿಟ್ಟು ಅಲ್ಲಿಂದ ಮಟ್ಟದ ಗೆರೆ ಎಳೆದೆ, ಇನ್ನೊಂದು ತುದಿಲಿ ಸಂದು 5 ಎಂಎಂ ಆಯ್ತು, ಸಿಲಿಕೋನ್ ಬಂದ ಮೇಲೆ ಗೊತ್ತೇ ಆಗಲ್ಲ. ಅಡ್‌ಹೆಸಿವ್ ಒಂದು ಸಲಕ್ಕೆ ಮೂರು ನಾಲ್ಕು ಟೈಲಿಗಾಗೋಷ್ಟೇ ಹಚ್ಚಿ, 6 ಎಂಎಂ ಹಲ್ಲಿನ ಕರಣೆಲಿ ಒಂದೇ ದಿಕ್ಕಿಗೆ ಗೆರೆ ಎಳೆದು, ಟೈಲ್ ಒತ್ತಿ ಗೆರೆಗೆ ಅಡ್ಡಡ್ಡ ಸ್ವಲ್ಪ ಅಲುಗಾಡಿಸಬೇಕು. ಮೊದಲನೇ ಟೈಲನ್ನ ಒಂದು ಸಲ ಕಿತ್ತು ಹಿಂದೆ ತಿರುಗಿಸಿ ನೋಡಿ, ಪೂರ್ತಿ ಹತ್ತಿದ್ರೆ ಸರಿ, ಪಟ್ಟೆ ಪಟ್ಟೆಯಾಗಿದ್ರೆ ಅಡ್‌ಹೆಸಿವ್ ಕಮ್ಮಿ ಆಗಿದೆ ಅಥವಾ ಮೇಲೆ ಪೊರೆ ಕಟ್ಟಿದೆ ಅಂತ. ಬೆರಳಿಟ್ರೆ ಬೆರಳಿಗೆ ಅಂಟಲಿಲ್ಲ ಅಂದ್ರೆ ಕೆರೆದು ಹೊಸದು ಹಚ್ಚಿ. ಎರಡು ಮೂರು ಡಬ್ಬದಿಂದ ಟೈಲ್ ಕಲಸಿ ಕಲಸಿ ತಗೊಂಡೆ, ಸಣ್ಣ ಛಾಯೆ ವ್ಯತ್ಯಾಸ ಇದ್ರೂ ಗೋಡೆ ತುಂಬ ಹರಡಿ ಹೋಗಲಿ ಅಂತ.

ಸ್ವಿಚ್ ಬೋರ್ಡ್ ಸುತ್ತ ಎಲ್ ಆಕಾರದಲ್ಲಿ ಕತ್ತರಿಸೋವಾಗ ಮೂರು ಟೈಲ್ ಮುರೀತು. ಗ್ರೈಂಡರಲ್ಲಿ ಡೈಮಂಡ್ ಬ್ಲೇಡ್ ಹಾಕಿ ಒಂದೇ ಏಟಿಗೆ ಮೂಲೆವರೆಗೆ ಹೋಗಿದ್ದು ತಪ್ಪು. ಮೂಲೆಲಿ ಮೊದಲು ಒಂದು ಸಣ್ಣ ತೂತು ಕೊರೆದು, ಎರಡೂ ಕಡೆಯಿಂದ ಅದರವರೆಗೆ ಕತ್ತರಿಸಿದ ಮೇಲೆ ಒಂದೂ ಮುರೀಲಿಲ್ಲ. ಕನ್ನಡಕ, ಮಾಸ್ಕ್ ಹಾಕ್ಕೊಳ್ಳಿ. ಟೈಲ್ ಮತ್ತೆ ಅಡ್‌ಹೆಸಿವ್ ಸೇರಿ 12 ಎಂಎಂ ದಪ್ಪ ಬಂದಿದ್ದರಿಂದ ಸ್ವಿಚ್ ಪ್ಲೇಟಿನ ಹಳೇ ಸ್ಕ್ರೂ ಗಿಡ್ಡ ಆಯ್ತು, ಉದ್ದದ್ದು ತರಬೇಕಾಯ್ತು.

ಈಗ ನನಗೆ ಬೇಜಾರಾದ ಭಾಗ, ಗ್ರೌಟ್, ಅಂದ್ರೆ ಟೈಲ್‌ಗಳ ನಡುವಿನ ಸಂದಿಗೆ ತುಂಬೋ ಮಿಶ್ರಣ. ಬಣ್ಣದ ವಿಷಯದಲ್ಲಿ ಅರ್ಧ ಕೆಲಸ ಗ್ರೌಟಿಂದು ಅನ್ನೋದು ನನಗೆ ಇಲ್ಲೇ ಅರ್ಥ ಆಗಿದ್ದು. ಮುರಿದ ಟೈಲ್ ತುಂಡುಗಳನ್ನ ಹಲಗೆಗೆ ಅಂಟಿಸಿ ಮೂರು ಗ್ರೌಟ್ ಹಾಕಿ ನೋಡಿದ್ದೆ. ಬಿಳಿ ಹಾಕಿದ್ರೆ ಕಣ್ಣಿಗೆ ಟೈಲ್ ಬದಲು ಚೌಕುಳಿನೇ ಬೀಳತ್ತೆ, ಕಡು ಬೂದು ಹಾಕಿದ್ರೂ ಅದೇ ಪಾಡು, ಟೈಲಿನ ಬಣ್ಣಕ್ಕಿಂತ ಒಂದೇ ಛಾಯೆ ಕಡು ಇರೋದು ಹಾಕಿದ್ರೆ ಗೋಡೆ ಒಂದೇ ಹಾಸಿನ ಥರ ಶಾಂತವಾಗಿ ಕಾಣತ್ತೆ. ಆ ಬಣ್ಣದ್ದೇ ಸಿಮೆಂಟ್ ಗ್ರೌಟ್ ಕಲಸಿ ಸಿಂಕ್ ಕಡೆಯಿಂದ ಸುಮಾರು 80 ಸೆಂಟಿಮೀಟರ್ ತುಂಬಿಸಿ, ಕತ್ತಲಾಯ್ತು ಅಂತ ನಿಲ್ಲಿಸ್ದೆ. ಬೆಳಿಗ್ಗೆ ನೋಡಿದ್ರೆ ಒಂದೊಂದು ಕಡೆ ಒಂದೊಂದು ಬಣ್ಣ! ಕೆಲವು ಸಂದು ಹಲಗೆ ಮೇಲಿದ್ದ ಬಣ್ಣ, ಕೆಲವು ಬೂದಿ ಚೆಲ್ಲಿದ ಹಾಗೆ ಬೆಳ್ಳಗೆ. ನೀರು ಜಾಸ್ತಿ ಹಾಕಿ ತೆಳ್ಳಗೆ ಕಲಸಿದ್ದೆ, ಅದೂ ಸಾಲದು ಅಂತ ಸ್ಪಂಜು ಹಿಂಡದೆ ಒರೆಸಿದ್ದೆ. ಸಿಮೆಂಟ್ ಗ್ರೌಟಿನ ಬಣ್ಣ ಅದಕ್ಕೆ ಎಷ್ಟು ನೀರು ಸೇರತ್ತೆ ಅನ್ನೋದರ ಮೇಲಿರತ್ತೆ, ಒಣಗೋವಾಗ ನೀರು ಮೇಲೆ ಬರ್ತಾ ಬಣ್ಣ, ಲವಣ ಎಲ್ಲ ಏರುಪೇರು ಮಾಡತ್ತೆ.

ಪೂರ್ತಿ ಗೋಡೆಗೆ ಹಾಕಿಲ್ವಲ್ಲ ಅನ್ನೋದೇ ಸಮಾಧಾನ. ಗಟ್ಟಿಯಾಗೋ ಮುಂಚೆನೇ ಗ್ರೌಟ್ ಕೆರೆಯೋ ಬ್ಲೇಡಲ್ಲಿ ಸಂದಿನ ಆಳದ ಮುಕ್ಕಾಲು ಭಾಗ ಕೆರೆದು ತೆಗೆದೆ, ಮಧ್ಯಾಹ್ನವೆಲ್ಲ ಅದೇ ಆಯ್ತು, ಟೈಲಿನ ಅಂಚು ತಾಗದ ಹಾಗೆ ನಿಧಾನಕ್ಕೆ. ಎರಡನೇ ಸಲಕ್ಕೆ ಎಪಾಕ್ಸಿ ಗ್ರೌಟಿಗೆ ಹೋದೆ. ಅದು ನೀರಿಂದ ಒಣಗೋದಲ್ಲ, ರೆಸಿನ್ ಮತ್ತೆ ಹಾರ್ಡ್ನರ್ ಸೇರಿ ಗಟ್ಟಿಯಾಗೋದು, ಹಾಗಾಗಿ ಹಾಕೋವಾಗ ಕಂಡ ಬಣ್ಣವೇ ನಿಲ್ಲತ್ತೆ, ಎಣ್ಣೆನೂ ಹೀರಲ್ಲ, ಸೀಲರ್ ಬೇಕಿಲ್ಲ. ತೊಂದರೆ ಅಂದ್ರೆ ಬೇಗ ಗಟ್ಟಿಯಾಗತ್ತೆ, ಟೈಲ್ ಮೇಲೆ ಉಳಿದ ಜಿಗುಟು ಪೊರೆ ಆಗಲೇ ತೆಗೀದಿದ್ರೆ ಆಮೇಲೆ ಬಹಳ ಕಷ್ಟ. ಅರ್ಧ ಮೀಟರ್ ಅರ್ಧ ಮೀಟರ್ ಮಾಡ್ಕೊಂಡು ಹೋದೆ, ರಬ್ಬರ್ ಫ್ಲೋಟಲ್ಲಿ ಒತ್ತಿ ತುಂಬಿಸಿ, ಓರೆಯಾಗಿ ಎಳೆದು, ತಕ್ಷಣ ಒದ್ದೆ ಸ್ಕ್ರಬ್ಬರಲ್ಲಿ ಗುಂಡಗೆ ಉಜ್ಜಿ, ಆಮೇಲೆ ಹಿಂಡಿದ ಸ್ಪಂಜು, ಕೊನೆಗೆ ಒಣ ಬಟ್ಟೆ. ಡಬ್ಬದ ಮೇಲಿರೋ ಅನುಪಾತ ಬಿಟ್ಟು ಕಣ್ಣಳತೆಲಿ ಕಲಸಬೇಡಿ, ಕೈಗೆ ಗ್ಲೌಸ್ ಇರಲಿ, ಚರ್ಮಕ್ಕೆ ಆಗಿಬರಲ್ಲ ಅದು.

ಕಟ್ಟೆ ಗೋಡೆ ಸೇರೋ ಸಂದಿಗೆ ಮಾತ್ರ ಗ್ರೌಟ್ ಹಾಕ್ಲಿಲ್ಲ. ಕಟ್ಟೆ, ಗೋಡೆ ಎರಡೂ ಬೇರೆ ಬೇರೆಯಾಗಿ ಅಲುಗಾಡ್ತವೆ, ಗಟ್ಟಿ ಗ್ರೌಟ್ ಹಾಕಿದ್ರೆ ಕೂದಲೆಳೆ ಬಿರುಕು ಬಂದು ನೀರು ಒಳಗೆ ಇಳಿದು ಮತ್ತೆ ಅದೇ ಬೂಷ್ಟು. ಅಲ್ಲಿಗೆ ಹಾಕಿದ್ದು ಬಗ್ಗೋ ಸಿಲಿಕೋನ್, ಅದೂ ನ್ಯೂಟ್ರಲ್ ಕ್ಯೂರ್, ಅಂದ್ರೆ ಗಟ್ಟಿಯಾಗೋವಾಗ ಹುಳಿ ಬಿಡದೇ ಇರೋದು. ವಿನಿಗರ್ ವಾಸನೆ ಬರೋ ಥರದ್ದು ಕಲ್ಲಿಗೆ ಒಳ್ಳೇದಲ್ಲ. ಎರಡೂ ಕಡೆ ಮಾಸ್ಕಿಂಗ್ ಟೇಪ್ ಹಚ್ಚಿ, ಸಿಲಿಕೋನ್ ಎಳೆದು, ಒಂದೇ ಸಲಕ್ಕೆ ಬೆರಳಲ್ಲಿ ಸವರಿ, ಹಸಿ ಇರೋವಾಗಲೇ ಟೇಪ್ ಕಿತ್ತೆ. ಒಂದು ದಿನ ನೀರು ತಾಗಿಸಲಿಲ್ಲ.

ಈಗ ಎರಡು ತಿಂಗಳಾಯ್ತು. ಅಮ್ಮ ರಾತ್ರಿ ಒಂದು ಸಲ ಒದ್ದೆ ಬಟ್ಟೆ ಎಳೀತಾರೆ ಅಷ್ಟೆ. ಬೆಳಿಗ್ಗೆ ಕಿಟಕಿ ಬೆಳಕಿಗೆ ಬೂದಾಗಿ, ಸಂಜೆ ಲೈಟ್ ಹಾಕಿದ್ರೆ ಹಸಿರಾಗಿ ಕಾಣತ್ತೆ, ಎರಡೂ ನನಗೆ ಇಷ್ಟ. ಉಳಿದ ನಾಲ್ಕು ಟೈಲನ್ನ ಪೇಪರಲ್ಲಿ ಸುತ್ತಿ ಸಿಂಕ್ ಕೆಳಗಿನ ಕಪಾಟಲ್ಲಿ ನಿಲ್ಲಿಸಿದೀನಿ, ಡಬ್ಬದಿಂದ ಬ್ಯಾಚ್ ನಂಬರ್ ಇರೋ ಚೀಟಿ ಕತ್ತರಿಸಿ, ಗ್ರೌಟಿನ ಶೇಡ್ ನಂಬರ್ ಪಕ್ಕದಲ್ಲಿ ಬರೆದು, ಆ ಕಪಾಟಿನ ಬಾಗಿಲ ಒಳಗಡೆ ಅಂಟಿಸಿದೀನಿ.